ಎದುರು ಮನೆಯ ಅಜ್ಜಿ ಉಳಿಸಿದ ಸೊಟ್ಟ ರಂಗೋಲಿ

ಈ ಸಂಕ್ರಾಂತಿಯ ಹಿಂದಿನ ದಿನ ಹಳೆಯ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿ ತೆರೆದೆ. ಕೀಲಿಮಣೆಯ ಸಂದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. ಒರೆಸಿ ನೋಡಿದರೆ ರಂಗೋಲಿ ಪುಡಿ. ಎದುರು ಮನೆಯ ಅಜ್ಜಿಯ ಬೆರಳಿನದು... ಅವರು ಹೋಗಿ ವರ್ಷಗಳಾದವು.

ಆಗ ನಾನು ನಾಗಮಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಲು ಶುರು ಮಾಡಿದ್ದೆ. ಬಿಂಡಿಗನವಿಲೆಯಿಂದ ಮದುವೆಯಾಗಿ ಬಂದಿದ್ದ ಅಜ್ಜಿಯ ರಂಗೋಲಿಗೆ ನಮ್ಮ ಬೀದಿಯಲ್ಲಿ ದೊಡ್ಡ ಹೆಸರು. ಪಕ್ಕದ ಬೀದಿಯ ಹೆಂಗಸರೂ ನೋಡಲು ಬರುತ್ತಿದ್ದರಂತೆ. ನಾನು ಬಾಡಿಗೆಗೆ ಬರುವ ಹೊತ್ತಿಗೆ ಅವರ ಕೈಗೆ ನಡುಕ ಹತ್ತಿತ್ತು. ಸೊಸೆ ಪಾಪ, ಅತ್ತೆಗೆ ತೊಂದರೆ ಬೇಡವೆಂದು ಬಾಗಿಲ ಮುಂದೆ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದಳು. ಅಜ್ಜಿ ಅದರತ್ತ ನೋಡದೆ ದಾಟುತ್ತಿದ್ದರು.

“ಸಾಯೋದ್ರೊಳ್ಗೆ ಈ ಬಾಗ್ಲಿಗೆ ನನ್ ಕೈಯಾರ ಇನ್ನೊಂದ್ ರಂಗೋಲಿ ಬುಡ್ಬೇಕು ಕಣವ್ವ,” ಅಂದಿದ್ದರು ಒಮ್ಮೆ.

ನನ್ನ ತಲೆಯಲ್ಲಿ ಆಗ ಬೇರೆಯೇ ಹುಚ್ಚು. ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಬರುತ್ತವಲ್ಲ, ಹಾಗೆ ರಂಗೋಲಿಗಳನ್ನು ಬೆಳೆಸುವ ಒಂದು ಪ್ರೋಗ್ರಾಮು ಬರೆದಿದ್ದೆ. ಪರದೆಯ ಮೇಲೆ ಒಂದಷ್ಟು ರಂಗೋಲಿ ಬರುತ್ತವೆ. ನೋಡುವವರು ಮೆಚ್ಚಿದ್ದನ್ನು ಆರಿಸಬೇಕು. ಆರಿಸಿದವುಗಳಲ್ಲಿ ಒಂದರ ಎಳೆ, ಇನ್ನೊಂದರ ದಳ ಕೂಡಿಸಿ, ಅಲ್ಲಲ್ಲಿ ಚೂರು ಬದಲಿಸಿ ಕಂಪ್ಯೂಟರು ಮರಿಗಳನ್ನು ಹುಟ್ಟಿಸುತ್ತದೆ. ಉಳಿದವು ಅಳಿಸಿಹೋಗುತ್ತವೆ. ಬೀದಿಯವರೆಲ್ಲ ಸೇರಿ ಆರಿಸುತ್ತಾ ಹೋದರೆ ಎಲ್ಲರದ್ದೂ ಆದ ಒಂದು ರಂಗೋಲಿ ಹುಟ್ಟೀತು ಎಂಬುದು ನನ್ನ ಆಸೆ. ಸಂಜೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಹೆಂಗಸರು ಸೀರಿಯಲ್ಲು ಬಿಟ್ಟು ಬರುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

ಅಜ್ಜಿ ಮಾತ್ರ ಎಲ್ಲ ಕೆಡಿಸಿದರು. ಬೇರೆಯವರು ಅಂದವಾದದ್ದನ್ನು ತೋರಿಸಿದರೆ, ಅವರು ಹುಡುಕಿ ಹುಡುಕಿ ಸೊಟ್ಟಗಿರುವುದರ ಮೇಲೆಯೇ ಬೆರಳಿಡುತ್ತಿದ್ದರು. ಆರಿಸದೆ ಬಿಟ್ಟದ್ದು ಅಳಿಸಿಹೋಗುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತೇನೋ.

“ಇಂಗ್ ಆರ್ಸಿದ್ರೆ ಬರೀ ಸೊಟ್ಟದ್ದೇ ಉಟ್ತದೆ ಕಣಜ್ಜಿ,” ಎಂದು ಹೆಂಗಸರು ರೇಗಿದರು.

“ಚೆಂದಾಗಿರೋದು ಎಂಗೋ ಬದುಕ್ಕತದೆ ಬುಡ್ರವ್ವ. ಇದ್ನ ನಾವ್ ಕೈ ಬುಟ್ರೆ ಇನ್ಯಾರ್ ನೋಡಾರು?”

ಹಟ್ಟಿಯಲ್ಲಿ ಬಡಕಲು ಕುರಿಮರಿಗೆ ಬಾಟಲಿ ಹಾಲು ಕುಡಿಸಿ ಬೆಳೆದವರು ಅವರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹೆಂಗಸರು ಬೇಸತ್ತು ಒಬ್ಬೊಬ್ಬರೇ ಸೀರಿಯಲ್ಲಿಗೆ ವಾಪಸಾದರು. ಕೊನೆಗೆ ಜಗಲಿಯಲ್ಲಿ ಉಳಿದದ್ದು ನಾನು, ಅಜ್ಜಿ ಮತ್ತು ಅವರ ಸೊಟ್ಟ ಸಂತಾನ.

ಆದರೆ ದಿನ ಕಳೆದಂತೆ ಆ ಸೊಟ್ಟತನಕ್ಕೇ ಒಂದು ಹದ ಬಂತು. ಮೊದಮೊದಲು ಬೀದಿಯವರು ಆರಿಸಿದ್ದ ದಳಗಳು ಹಾಗೇ ಇದ್ದವು. ಗೆರೆಗಳೆಲ್ಲ ಮಾತ್ರ ಕೆರೆಯ ನೀರು ಅಲುಗಿದಂತೆ ಸಣ್ಣಗೆ ನಡುಗುತ್ತಿದ್ದವು. ಒಂದು ಸಂಜೆ ಅಜ್ಜಿ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು.

“ಇದ್ನ ನಾನ್ ಬುಡ್ತೀನಿ ಕಣವ್ವ,” ಅಂದರು.

ಮರುದಿನ ಬೆಳಿಗ್ಗೆ ಸೊಸೆ ಪ್ಲಾಸ್ಟಿಕ್ಕನ್ನು ಕಿತ್ತು, ನೀರು ಹಾಕಿ ಸಾರಿಸಿದಳು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತೆ. ಅಜ್ಜಿ ನಡುಗುವ ಬೆರಳಲ್ಲಿ ಪುಡಿ ಸುರಿದರು, ಮರೆತಾಗ ಅದೇ ಬೆರಳಲ್ಲಿ ಕೀಲಿ ಒತ್ತಿ, ಆರಿದ ಪರದೆ ಬೆಳಗಿಸಿ ನೋಡಿದರು. ಒಂದು ಗೆರೆಯೂ ತಪ್ಪಲಿಲ್ಲ. ಬೀದಿಯ ಹೆಂಗಸರು ಸುತ್ತ ನೆರೆದಿದ್ದರು. ಅಷ್ಟು ಸಂತೋಷ ನನಗೆ ಯಾವ ಕೆಲಸದಲ್ಲೂ ಆಗಿಲ್ಲ. ಬದುಕಿರುವಷ್ಟು ದಿನ ಅವರು ಹಬ್ಬಕ್ಕೆಲ್ಲ ಅದನ್ನೇ ಬಿಟ್ಟರು...

ಈ ಸಲ ಅವರ ಸೊಸೆ ಬಂದು, ಹಬ್ಬಕ್ಕೆ ಅತ್ತೆಯ ರಂಗೋಲಿ ಬಿಡಬೇಕು, ತೆಗೆದುಕೊಡಿ ಎಂದು ಕೇಳಿದ್ದಳು. ಸಂಕ್ರಾಂತಿಯ ಬೆಳಿಗ್ಗೆ ತೆರೆದ ಲ್ಯಾಪ್‌ಟಾಪ್ ಹಿಡಿದು ಮತ್ತೆ ಅದೇ ಬಾಗಿಲಲ್ಲಿ ನಿಂತೆ. ಅವಳು ಬಿಟ್ಟಳು, ಅಳಿಸಿದಳು, ಮತ್ತೆ ಬಿಟ್ಟಳು. ದಳಗಳು ಸರಿಯಾಗಿದ್ದವು, ಎಳೆಗಳ ಲೆಕ್ಕ ಸರಿಯಾಗಿತ್ತು. ಆದರೂ ಅದು ಅಜ್ಜಿಯದಾಗಲಿಲ್ಲ. ಅವಳು ಪುಡಿಯ ಬಟ್ಟಲು ಪಕ್ಕಕ್ಕಿಟ್ಟು ಹೊಸಿಲ ಮೇಲೆ ಕೂತುಬಿಟ್ಟಳು. ಕಣ್ಣು ತುಂಬಿತ್ತು, ನನ್ನದೂ.

“ಏನ್ ಮಾಡುದ್ರೂ ನನ್ ಕೈ ನಡುಗ್ತಾ ಇಲ್ಲ ಕಣಕ್ಕ,” ಅಂದಳು.