ಹುಲಿಗೆಮ್ಮನ ಅವ್ವನಿಗೆ ಹೇಳಿದ ಸುಳ್ಳು

ಹುಲಿಗೆಮ್ಮ, ನೀನು ಏನನ್ನೂ ಕದ್ದಿರಲಿಲ್ಲ. ಅದು ಗೊತ್ತಿದ್ದೂ ನಿನ್ನ ಅವ್ವನಿಗೆ ನಾನು ಸುಳ್ಳು ಹೇಳಿದೆ — ಹದಿನಾರು ವರ್ಷ ಅದನ್ನು ನಿನ್ನಿಂದ ಮುಚ್ಚಿಟ್ಟೆ.

ಆಗ ರಾಯಚೂರಿನಲ್ಲಿ ನಿಮ್ಮ ಎಂ.ಎ. ತರಗತಿಗೆ ಇತಿಹಾಸ ಹೇಳುತ್ತಿದ್ದೆ. ನೀನು ದೇವದುರ್ಗದ ಕಡೆಯವಳು, ಹತ್ತಿ ಬಿಡಿಸುವ ಕೂಲಿಯವಳ ಮಗಳು. ಎರಡನೇ ಮಹಾಯುದ್ಧದ ನಂತರ ಯುರೋಪಿನ ಒಂದು ದೇಶ ನೆರೆಯವರೊಡನೆ ಹೇಗೆ ಕೂಡಿಕೊಂಡಿತೆಂದು ಬರೆಯಲು ಹೇಳಿದ್ದೆ. ಎಲ್ಲರೂ ಫ್ರಾನ್ಸ್, ಜರ್ಮನಿ ಹಿಡಿದರು. ನೀನು ನೆದರ್ಲೆಂಡ್ಸ್ ಆರಿಸಿಕೊಂಡೆ. ಯಾರ ತಂಟೆಗೂ ಹೋಗದಿದ್ದ ಆ ದೇಶವನ್ನು ಜರ್ಮನಿ ತುಳಿದದ್ದು, ಯುದ್ಧ ಮುಗಿದ ಮೇಲೆ ಅದು ಬೆಲ್ಜಿಯಂ, ಲಕ್ಸೆಂಬರ್ಗ್ ಜೊತೆ ಗಡಿಸುಂಕ ತೆಗೆದದ್ದು, ಕೊನೆಗೆ ತುಳಿದವರ ಜೊತೆಗೇ ಕಲ್ಲಿದ್ದಲು ಮತ್ತು ಉಕ್ಕಿನ ಒಕ್ಕೂಟ ಸೇರಿದ್ದು — ಎಲ್ಲ ನೀನು ಬರೆದಿದ್ದೆ. ನಡುವೆ ಒಂದು ಸಾಲು: 'ಸಣ್ಣವರಿಗೆ ದೂರ ಉಳಿಯುವುದು ಸ್ವಾತಂತ್ರ್ಯವಲ್ಲ, ಪಂಕ್ತಿಯಲ್ಲಿ ಸಮನಾಗಿ ಕೂರುವುದು ಸ್ವಾತಂತ್ರ್ಯ.'

ಅಷ್ಟು ವರ್ಷ ಪಾಠ ಹೇಳಿದರೂ ನನಗೆ ಹೊಳೆಯದ ಮಾತು. ಅದಕ್ಕೇ — ಹೌದು, ಅದಕ್ಕೇ — ಸಿಟ್ಟು ಬಂತು. ಎಲ್ಲರೆದುರು ಹಾಳೆಗಳನ್ನು ಮೇಜಿನ ಮೇಲೆ ಎಸೆದೆ.

"ಇದು ನೀ ಬರದದ್ದಲ್ಲ. ನಿಮ್ಮಂಥೋರ ಕೈಯಾಗ ಇಂಥಾದ್ದು ಹುಟ್ಟಂಗಿಲ್ಲ."

ನೀನು ಎದ್ದು ನಿಂತೆ. "ನಾನ ಬರದೀನ್ರಿ ಸರ್. ಏನರ ಕೇಳ್ರಿ, ಹೇಳ್ತೀನಿ."

ನಾನು ಏನನ್ನೂ ಕೇಳಲಿಲ್ಲ. ಸಂಶೋಧನೆಗೆ ಶಿಫಾರಸು ಮಾಡುವ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿದೆ.

ವಾರದ ನಂತರ ಗ್ರಂಥಾಲಯದವರು ನೀನು ಮರೆತುಹೋಗಿದ್ದ ನೋಟ್‌ಬುಕ್ ತಂದುಕೊಟ್ಟರು. ಪಂಕ್ತಿಯ ಆ ಸಾಲನ್ನು ನೀನು ಹೊಡೆದುಹಾಕಿ ಮತ್ತೆ ಮತ್ತೆ ಬರೆದಿದ್ದೆ. ಎಲ್ಲಕ್ಕೂ ಮೇಲೆ, ಮೊದಲು ಬರೆದದ್ದು — 'ಮದುವಿ ಊಟದಾಗ ಅವ್ವನ್ನ ಹೊರಗ ಕೂಡಿಸಿದ್ರು'. ಓದಿ, ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಪಟ್ಟಿ ಇನ್ನೂ ಕಳಿಸಿರಲಿಲ್ಲ. ತಿದ್ದಬಹುದಿತ್ತು — ನನ್ನ ಮಾತು ಸುಳ್ಳಾಗುತ್ತದಲ್ಲ ಎಂಬ ಹೆದರಿಕೆ...

ಎರಡು ದಿನಕ್ಕೆ ನಿನ್ನ ಅವ್ವ ಬಂದಳು. ಊರಿಗೆ ಸುದ್ದಿ ಮುಟ್ಟಿತ್ತು. ನಿನಗೂ ತಿಳಿಸದೆ ಬಸ್ಸು ಹತ್ತಿದ್ದಳು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲಲ್ಲೇ ನಿಂತು ಕೇಳಿದಳು: "ಯಪ್ಪಾ, ನನ್ನ ಮಗಳು ಖರೇನ ಕದ್ದಾಳೇನ್ರಿ?"

"ಹೌದವ್ವಾ" ಎಂದೆ.

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕೈ ಮುಗಿದು ಹೋದಳು. ನನ್ನಂಥವನಿಗೆ ಕೈ ಮುಗಿದು...

ಕಳೆದ ತಿಂಗಳು ಮಾನ್ವಿಯಲ್ಲಿ ನೀನು ಕಲಿಸುವ ಶಾಲೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಮಕ್ಕಳ ಮುಂದೆ ನೀನು ನನ್ನನ್ನು 'ನಮ್ಮ ಸರ್' ಎಂದೆ. ನಿನ್ನ ಧ್ವನಿಯಲ್ಲಿ ನಾನು ಕಹಿ ಹುಡುಕಿದೆ, ಸಿಗಲಿಲ್ಲ. ಚಹಾ ಕುಡಿಯುವಾಗ ನೀನು ಅವ್ವ ತೀರಿಕೊಂಡ ವಿಷಯ ಹೇಳಿದೆ. ಆಮೇಲೆ — "ಆ ವರ್ಷದಿಂದ ಅವ್ವ ನನ್ನ ಓದಿನ ಮಾತು ಎತ್ತಲೇ ಇಲ್ರಿ ಸರ್. ಯಾಕಂತ ಗೊತ್ತಾಗ್ಲಿಲ್ಲ."

ಆಗಲೂ ನಾನು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅವ್ವ ಯಾಕೆ ಆ ಮಾತು ಎತ್ತಲಿಲ್ಲವೆಂದು ಈಗ ಬರೆದಿದ್ದೇನೆ. ನಡೆದದ್ದನ್ನೆಲ್ಲ ಇತಿಹಾಸ ವಿಭಾಗಕ್ಕೂ ಸಹಿ ಹಾಕಿ ಕಳಿಸಿದ್ದೇನೆ. ನಾಳೆ ಈ ಪತ್ರ ಹಿಡಿದು ಮಾನ್ವಿಗೆ ಬರುತ್ತೇನೆ. ಹೋಗು ಎಂದರೆ ಹೋಗುತ್ತೇನೆ. ನಿನ್ನ ಅವ್ವನಿಗೆ ಮಾತ್ರ ಈ ನಿಜವನ್ನು ಇನ್ನು ಯಾರೂ ಹೇಳಲಾರರು.