ಅವ್ವ ಕೂತುಕೊಂಡೇ ಇಳಿದ ಗುಹೆ

ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ, ಹುಳದ ಮನೆಯನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಬಾಗಿಲು ಹಾಕಿದರೆ, ಮುಂದಿನ ಮರಿಹುಳ ಬರುವವರೆಗೆ ನಮಗೆ ಒಂದಿಷ್ಟು ಬಿಡುವು. ತಿಪ್ಪಸಂದ್ರದ ಕಡೆಯವರು ನಾವು ಟೂರು ಹೊರಡುವುದು ಆ ಬಿಡುವಿನಲ್ಲೇ. ಹೋದ ವರ್ಷ ನಂಟರೆಲ್ಲ ಸೇರಿ ಮಿನಿ ಬಸ್ಸು ಮಾಡಿಕೊಂಡು ಆಂಧ್ರದ ಬೆಟ್ಟಸೀಮೆಯ ಗುಹೆ ನೋಡಲು ಹೋದೆವು. ಒಳಗೆ ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಲಿಂಗವಿದೆ ಎಂದು ಕೇಳಿ ಅವ್ವನೂ ಹೊರಟಳು. ಅದೊಂದನ್ನು ಕಣ್ಣಲ್ಲಿ ನೋಡಿಬಿಡಬೇಕು ಎಂಬುದು ಅವಳ ಆಸೆ.

ಅವ್ವನ ಮಂಡಿ ಸವೆದಿದೆ. ಸುಮ್ಮನೆ ಸವೆದದ್ದಲ್ಲ. ಕುಕ್ಕರಗಾಲಲ್ಲಿ ಕೂತು ಹುಳಕ್ಕೆ ಸೊಪ್ಪು ಹಾಕಿ ಹಾಕಿ ಸವೆದದ್ದು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅವಳ ಪಕ್ಕದಲ್ಲೇ ದುಡಿದವನು ನಾನು, ಕಣ್ಣಾರೆ ಕಂಡಿದ್ದೇನೆ. ಸಮನೆಲದಲ್ಲಿ ಕೋಲೂರಿ ನಡೆಯುತ್ತಾಳೆ. ಮೆಟ್ಟಿಲಿಳಿಯಲು ಮಾತ್ರ ಆಗದು.

ಗುಹೆಯ ಬಾಯಿಂದಲೇ ಮೆಟ್ಟಿಲು ಕೆಳಕ್ಕೆ ಹೋಗಿದ್ದವು. ಟೂರಿನ ಏರ್ಪಾಟು ಮಾಡಿದ್ದ ನನ್ನ ಭಾಮೈದ ಇಣುಕಿ ನೋಡಿ, "ಭಾವ, ಅತ್ತೆ ಬಸ್ಸಲ್ಲೇ ಕೂತಿರ್ಲಿ. ನಾನು ಲಿಂಗದ ಫೋಟೋ ಹೊಡ್ಕಂಡ್ ಬತ್ತೀನಿ," ಎಂದ.

"ನಾಳಿಂದ ನಿಂಗೆ ಮುದ್ದೆದೂ ಫೋಟೋನೇ ಇಕ್ಕುಸ್ತೀನಿ, ಉಂಡ್ಕೋ," ಎಂದಳು ಅವ್ವ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ರೇಗಿಹೋಗಿತ್ತು. "ಬಾರವ್ವ, ಕುಂಟ್ಗುರಿ ಹೊತ್ತಂಗೆ ಹೆಗಲ ಮೇಲೆ ಹೊತ್ಕಂಡೋಯ್ತೀನಿ," ಎಂದೆ.

"ನನ್ನ ಕುರಿ ಮಾಡ್ಬುಟ್ಟೇನ್ಲಾ? ನೀ ಜಾರಿದ್ರೆ ಇಬ್ರೂ ನೆಟ್ಗೆ ಶಿವನ ತಾವ್ಕೇ ಹೋಯ್ತೀವಿ. ಬುಡು, ನಾನೇ ಇಳೀತೀನಿ."

ಮೊದಲ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಕೈಯೂರಿ, ಕಾಲು ಕೆಳಗಿಟ್ಟು, ಮುಂದಿನ ಮೆಟ್ಟಿಲಿಗೆ ಜರುಗಿದಳು. ಕಲ್ಲು ನೆಂದು ತಣ್ಣಗಿತ್ತು. ಅವಳ ಹೆಗಲ ಕಂಬಳಿಯನ್ನು ಮಡಚಿ ಕೆಳಗೆ ಹಾಸಲು ಹೋದೆ. ರೇಷ್ಮೆಯ ಜೊತೆ ಕುರಿಯನ್ನೂ ಸಾಕುವ ಮನೆಯವನಾಗಿ ನಾನು ಆ ತಪ್ಪು ಮಾಡಬಾರದಿತ್ತು, ನಮ್ಮಲ್ಲಿ ಪೂಜೆಯ ದಿನ ದೇವರಿಗೆ ಹಾಸುವುದೇ ಕಂಬಳಿ. ಕೈಗೆ ಪಟ್ಟೆಂದು ಹೊಡೆದಳು. "ದೇವ್ರು ಕೂರೋದು ಕಣ್ಲಾ ಅದು. ಕಂಡೋರು ಚಪ್ಲಿ ತುಳ್ದಿರೋ ಕಡೆ ತಿಕ ಇಟ್ಟು ಎಳ್ಯಕ್ಕಾ? ಸೀರೆ ಐತೆ, ಒಗುದ್ರೆ ಹೋಯ್ತದೆ."

ಮೆಟ್ಟಿಲು ಕಿರಿದು. ಹಿಂದೆ ಜನ ಸಾಲುಗಟ್ಟಿದರು, ಯಾರೋ ವಿಡಿಯೋ ಹಿಡಿದರು. ಕಾವಲಿನವನೊಬ್ಬ ಸೀಟಿ ಊದುತ್ತಾ ಬಂದು ತೆಲುಗಿನಲ್ಲಿ "ಕುದರದು, ಕುದರದು" ಎಂದು ಮೇಲಕ್ಕೆ ಕೈ ತೋರಿಸಿದ. ಆಗುವುದಿಲ್ಲ ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ತಿಳಿಯುತ್ತದೆ, ಅಷ್ಟು ಸಲ ಕೇಳಿದ್ದೇನೆ. ಅವ್ವನ ಹಿಂದಿನ ಮೆಟ್ಟಿಲಲ್ಲಿ ಕಾಲಗಲಿಸಿ ನಿಂತೆ.

"ಟಿಕೆಟ್ ತಗಂಡಿದ್ದೀವಿ. ನಡ್ಕಂಡೇ ಇಳೀಬೇಕು ಅಂತ ಬರ್ದಿದ್ರೆ ತೋರ್ಸು," ಎಂದೆ.

ಅವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ನಾನು ಜಗ್ಗುವವನಲ್ಲ ಎಂಬುದಂತೂ ಅರ್ಥವಾಯಿತು. ಸೀಟಿ ನಿಂತಿತು.

ಹಿಂದಿನಿಂದ ಕನ್ನಡದವರೇ ಒಬ್ಬರು, "ಸ್ವಲ್ಪ ಬೇಗ ಅಮ್ಮಾ, ಅರ್ಜೆಂಟಿದೆ," ಎಂದರು.

ಅವ್ವ ತಿರುಗಲೂ ಇಲ್ಲ. "ಈ ಗುಹೆ ಆಗಕ್ಕೆ ಎಷ್ಟು ಕಾಲ ಹಿಡೀತೋ. ಅದಕ್ಕಿಲ್ದಿರೋ ಅರ್ಜೆಂಟು ನಿಂಗ್ಯಾಕಪ್ಪ?"

ಕೊನೆಗೂ ತಲುಪಿದೆವು. ಕಂಬಿಯ ಆಚೆ, ದೀಪದ ಬೆಳಕಿನಲ್ಲಿ, ಮೋಟಾಗಿ, ಬಿಳಿಚಿಕೊಂಡು, ದೊಡ್ಡದೊಂದು ರೇಷ್ಮೆಗೂಡಿನ ಹಾಗಿತ್ತು ಲಿಂಗ. ಮೇಲಿನಿಂದ ಹನಿ ಬೀಳುತ್ತಲೇ ಇತ್ತು. ಅವ್ವ ಬಹಳ ಹೊತ್ತು ನೋಡಿದಳು.

"ಇನ್ನೂ ಬೆಳೀತಾ ಐತಾ?"

"ನೀರು ಬೀಳೋಗಂಟ ಬೆಳೀತದಂತೆ ಕಣವ್ವ."

"ಬೆಳೀಲಿ," ಎಂದು ಕೈಮುಗಿದಳು.

ಹತ್ತುವಾಗಲೂ ಕೂತುಕೊಂಡೇ ಹತ್ತಿದಳು, ಲಿಂಗದ ಕಡೆಗೆ ಮುಖ ಮಾಡಿ, ಹಿಂದು ಹಿಂದಕ್ಕೆ. ಮರೆಯಾಗುವವರೆಗೆ ಕಣ್ಣು ತೆಗೆಯಲಿಲ್ಲ. ನಮ್ಮಿಂದಾಗಿ ಹೊತ್ತಾಗಿ, ಆಮೇಲೆ ನೋಡಬೇಕಿದ್ದ ಜಲಪಾತ ತಪ್ಪಿತೆಂದು ನಂಟರು ಬಸ್ಸಿನಲ್ಲಿ ಗೊಣಗಿದರು. ಗೊಣಗಲಿ. ಆ ವಯಸ್ಸಿಗೆ ಮುದುಕಿಗೆ ಅದೆಲ್ಲ ಯಾಕೆ ಬೇಕಿತ್ತು ಎಂದು ಊರಲ್ಲಿ ಈಗಲೂ ಕೇಳುವವರಿದ್ದಾರೆ. ಬೇಕಿತ್ತು, ಹೋದಳು, ನೋಡಿದಳು. ನಾಳೆ ಇನ್ನೊಂದು ಗುಹೆಗೆ ಹೊರಡುತ್ತೇನೆಂದರೂ ಕರೆದುಕೊಂಡು ಹೋಗುತ್ತೇನೆ. ಅವಸರವಿದ್ದವರು ಬೇರೆ ಬಸ್ಸು ಮಾಡಿಕೊಳ್ಳಲಿ.