ರಾಗಿಯ ಮುಂದೆ ನಿಂತ ಬುದ್ಧಿವಂತ ವ್ಯಾನು

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಓದುತ್ತಿದ್ದಾಗ ‘ಯಂತ್ರಗಳು ಮಾನವನಿಗೆ ವರ’ ಎಂಬ ವಿಷಯದ ಪರವಾಗಿ ವಾದಿಸಿ ನಾನೊಂದು ಸ್ಟೀಲ್ ಟಿಫಿನ್ ಡಬ್ಬಿಯನ್ನು ಗೆದ್ದಿದ್ದೆ. ವಿರೋಧವಾಗಿ ಮಾತನಾಡಿದವನಿಗೆ ಲೋಟ ಸಿಕ್ಕಿತು. ಡಬ್ಬಿ ಇಂದಿಗೂ ನನ್ನ ಬಳಿ ಇದೆ. ಅದರ ಮುಚ್ಚಳ ಅಂದಿನಿಂದಲೂ ಸರಿಯಾಗಿ ಕೂತಿಲ್ಲ.

ನಮ್ಮೂರು ಶಿಡ್ಲಘಟ್ಟ ಮತ್ತು ಚಿಂತಾಮಣಿಗಳ ನಡುವಿನ ಒಂದು ಒಳರಸ್ತೆಯಲ್ಲಿದೆ. ಬೆಳಿಗ್ಗೆ ಬಸ್ಸು ಬರುತ್ತದೆ, ಸಂಜೆ ಬರುವುದಿಲ್ಲ. ನಾವು ಹೊರಡಬೇಕಾದವರೆಂಬುದನ್ನು ಯಾರೋ ಒಪ್ಪಿಕೊಂಡಿದ್ದಾರೆ. ಮರಳಬೇಕಾದವರೂ ಹೌದೆಂಬ ವಿಷಯ ಇನ್ನೂ ಪರಿಶೀಲನೆಯಲ್ಲಿರಬೇಕು. ನನ್ನ ತಮ್ಮನ ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ಈ ಪರಿಶೀಲನೆ ನಮ್ಮ ಮನೆಯೊಳಕ್ಕೇ ಬಂತು. ಊರಿನಲ್ಲಿ ಹೈಸ್ಕೂಲಿನವರೆಗೆ ಮಾತ್ರ ಇದೆ, ಕಾಲೇಜಿಗೆ ಶಿಡ್ಲಘಟ್ಟಕ್ಕೇ ಹೋಗಬೇಕು.

“ಅಕ್ಕ, ಸಂಜೆ ಗಾಡಿ ಬಂದ್ರೆ ಪಿಯುಸಿಗೆ ಸೇರಿಸ್ತೀನಿ. ಬರ್ಲಿಲ್ವಾ, ಮನೇಲಿದ್ಕೊಂಡು ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಲಿ. ಕತ್ಲಲ್ಲಿ ಮೇನ್ ರೋಡ್ ಕ್ರಾಸಿಂದ ಒಬ್ಳೇ ನಡ್ಕೊಂಡು ಬರೋದು ಬ್ಯಾಡ,” ಎಂದ ತಮ್ಮ.

“ಹೆಣ್ಣುಮಗು ನಡೆದು ಬರೋಕೆ ಹೆದರಬೇಕಾದ ಸಮಾಜವನ್ನೇ ಬದಲಾಯಿಸಬೇಕು,” ಎಂದೆ.

“ಬದಲಾಯ್ಸಕ್ಕ. ಜೂನ್ ಒಳಗೆ ಮುಗೀತದಾ?”

ಮುಗಿಯುವ ಲಕ್ಷಣವಿರಲಿಲ್ಲ. ಒಂದು ವಾಹನ, ಒಬ್ಬ ಚಾಲಕ, ಇಷ್ಟನ್ನೇ ಕೇಳಿಕೊಂಡು ನಾನು ಹತ್ತಿಳಿಯದ ಕಚೇರಿಯ ಮೆಟ್ಟಿಲಿರಲಿಲ್ಲ. ವಾಹನ ಹೇಗೋ ಹೊಂದಿಸಬಹುದು, ಚಾಲಕನಿಲ್ಲ ಎಂದು ಎಲ್ಲೆಡೆ ಒಂದೇ ಸ್ವರದ ಉತ್ತರ. ಅಂಥ ಹೊತ್ತಿನಲ್ಲಿ ನಮ್ಮ ರಸ್ತೆಯನ್ನು ಹುಡುಕಿಕೊಂಡು ಒಂದು ಸಂಶೋಧನಾ ಕೇಂದ್ರ ಬಂತು. ಅದರ ಬಳಿ ಚಾಲಕನೇ ಬೇಕಿಲ್ಲದ ವ್ಯಾನೊಂದಿತ್ತು. ಒಬ್ಬ ಚಾಲಕನಿಗೂ ಅರ್ಹವಲ್ಲದ ಊರು ನೇರವಾಗಿ ಮುಂದಿನ ಯುಗಕ್ಕೆ ಅರ್ಹವಾಯಿತು. ಬುದ್ಧಿವಂತ ಸಾರಿಗೆ ವ್ಯವಸ್ಥೆಯನ್ನು ಗ್ರಾಮೀಣ ರಸ್ತೆಯಲ್ಲಿ ಪರೀಕ್ಷಿಸುವುದು ಅವರ ಯೋಜನೆ. ಊರಿನವರಿಗೂ ಅವರಿಗೂ ನಡುವೆ ಮಾತು ದಾಟಿಸುವುದು ನನಗೆ ಕೊಟ್ಟ ಕೆಲಸ. ಜನವರಿಯಲ್ಲಿ ಅತಿಥಿಗಳೆದುರು ಪ್ರದರ್ಶನ. ಕೆರೆಕಟ್ಟೆಯಿಂದ ಕ್ರಾಸಿನವರೆಗೆ ಯಾರೂ ಸ್ಟಿಯರಿಂಗ್ ಮುಟ್ಟದೆ ವ್ಯಾನು ಹೋದರೆ, ಜೂನ್‌ನಿಂದ ಅದನ್ನು ಪ್ರಯೋಗಾರ್ಥವಾಗಿ ವಿದ್ಯಾರ್ಥಿಗಳಿಗಾಗಿ ಬೆಳಿಗ್ಗೆ ಸಂಜೆ ಓಡಿಸುವುದಾಗಿ ಹೇಳಿದರು. ಯಾರಾದರೂ ಮುಟ್ಟಿದರೆ, ಅದು ಬೇರೆ ತಾಲ್ಲೂಕಿಗೆ. ಗೌರಿಬಿದನೂರಿನವರು ಆಗಲೇ ಕಾದಿದ್ದರಂತೆ.

ನಾನು ಈ ವಿಷಯವನ್ನು ತಮ್ಮನಿಗೆ ಹೇಳಿದಾಗ ಅವನು, “ಡ್ರೈವರ್ ಇಲ್ದಿದ್ರೆ ಕೈ ತೋರ್ಸಿದ್ರೆ ನಿಲ್ಸೋದ್ಯಾರು?” ಎಂದು ಕೇಳಿದ. ಕೇಂದ್ರದ ಯಾವ ತಜ್ಞನೂ ಕೇಳದ ಪ್ರಶ್ನೆಯೆಂದು ಹೊಗಳಿ ಅಲ್ಲಿಂದ ಎದ್ದೆ.

ವ್ಯಾನಿನ ಬುದ್ಧಿವಂತಿಕೆಯ ಬಗ್ಗೆ ನನಗೆ ಸಂದೇಹವಿರಲಿಲ್ಲ. ಆದರೆ ಅದು ರಸ್ತೆಯಂಚಿನ ಬಿಳಿ ಗೆರೆಯನ್ನು ನೋಡಿಕೊಂಡು ಸಾಗುವ ಸುಸಂಸ್ಕೃತ ವಾಹನ. ನಮ್ಮ ರಸ್ತೆಗೆ ಗೆರೆ ಎಳೆದದ್ದನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ. ಹೀಗಾಗಿ ಅಭ್ಯಾಸದ ದಿನಗಳಲ್ಲಿ ಅದು ಮದುವೆಮನೆಗೆ ಬಂದ ದೂರದ ನೆಂಟನಂತೆ ಅತ್ತಿತ್ತ ವಾಲುತ್ತ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋಗುತ್ತಿತ್ತು. ಒಮ್ಮೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡ ಮೊಪೆಡ್ ಎದುರಾಯಿತು. ಸವಾರನ ತಲೆಯೂ ಕಾಣದಷ್ಟು ಸೊಪ್ಪು. ವ್ಯಾನು ಅದನ್ನು ಮರವೆಂದು ತೀರ್ಮಾನಿಸಿತು. ಮರ ಹಾರ್ನ್ ಮಾಡುತ್ತ ತನ್ನತ್ತ ಬರುವುದನ್ನು ಕಂಡು ಅಲ್ಲೇ ಆಫ್ ಆಯಿತು. ಅದರೊಡನೆ ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರು ಇದನ್ನು “ತುಂಬಾ ಒಳ್ಳೆ ಡೇಟಾ ಮೇಡಂ” ಎಂದು ಸಂಭ್ರಮಿಸಿದ.

ಉಳಿದಿದ್ದ ಒಂದೇ ಆತಂಕ ರಾಗಿ. ಜನವರಿಯೆಂದರೆ ನಮ್ಮಲ್ಲಿ ಒಕ್ಕಣೆ. ಕಣ ಮಾಡಿ, ಸಾರಿಸಿ, ತೆನೆಯ ಮೇಲೆ ಕಲ್ಲುಗುಂಡು ಹೊಡೆಯುವ ಕಷ್ಟ ಈಗ ಯಾರಿಗೂ ಬೇಡ. ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿದರಾಯಿತು, ಹೋಗಿಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಬೈಕುಗಳು ಜಾರಿ ಬೀಳುತ್ತವೆಂದು ನಾನು ಇದನ್ನು ಮೊದಲಿನಿಂದಲೂ ವಿರೋಧಿಸಿದವಳು. ಆದ್ದರಿಂದ ಪ್ರದರ್ಶನಕ್ಕೆ ಮುನ್ನ ಹಾಲಿನ ಡೈರಿಯ ಮುಂದೆ ಹೆಂಗಸರನ್ನು ಸೇರಿಸಿ ಮಾತನಾಡಿದೆ. ಪೀಠಿಕೆ, ಪ್ರತಿಪಾದನೆ, ಖಂಡನೆ, ಸಮಾರೋಪ ಯಾವುದನ್ನೂ ಬಿಡಲಿಲ್ಲ. ಸಾರ್ವಜನಿಕ ರಸ್ತೆಯೆಂದರೇನು ಎಂಬುದರಿಂದ ಆರಂಭಿಸಿ, ಆ ದಿನ ಪೊಲೀಸರು ಬೇರೆ ವಾಹನಗಳನ್ನು ಬಿಡುವುದಿಲ್ಲ, ಧೂಳಿಲ್ಲ, ಲಾರಿಯಿಲ್ಲ, ವ್ಯಾನೊಂದೇ ಇಡೀ ಬೆಳಿಗ್ಗೆ ಮೆಲ್ಲಗೆ ಹೋಗಿಬರುತ್ತದೆ ಎಂದು ವಿವರಿಸಿ, “ಅವತ್ತು ರಸ್ತೆ ನಮ್ಮದು, ವ್ಯಾನೂ ನಮ್ಮದೇ!” ಎಂದು ಮುಗಿಸಿದೆ. ಹೆಂಗಸರ ಮುಖಗಳು ಅರಳಿದವು. ಅಷ್ಟು ತಲೆಗಳು ಒಟ್ಟಿಗೆ ಆಡಿದ್ದನ್ನು ನಾನು ಕಾಲೇಜಿನ ಸಭಾಂಗಣದಲ್ಲೂ ಕಂಡಿರಲಿಲ್ಲ.

ಪ್ರದರ್ಶನದ ದಿನ ಕೆರೆಕಟ್ಟೆಯಿಂದ ವ್ಯಾನು ಹೊರಟಿತು. ಒಳಗೆ ಎಂಜಿನಿಯರು, ನಾನು, ಹಿಂದಿನ ಸೀಟಿನಲ್ಲಿ ಶಾಲೆಗೆ ರಜೆ ಹಾಕಿ ಬಂದ ತಮ್ಮನ ಮಗಳು. ಕ್ರಾಸಿನಲ್ಲಿ ಶಾಮಿಯಾನದ ಕೆಳಗೆ ಅತಿಥಿಗಳು. ತಿರುವು ದಾಟಿದ್ದೇ ತಡ, ವ್ಯಾನು ಪೀಂ ಪೀಂ ಎಂದು ಕೂಗಿ ನಿಂತುಬಿಟ್ಟಿತು. ಮುಂದೆ ರಸ್ತೆಯೇ ಇರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ರಾಗಿ. ಯಾವ ವರ್ಷವೂ ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಒತ್ತಾಗಿ ಹರಡಿದ್ದನ್ನು ನಾನು ನೋಡಿರಲಿಲ್ಲ.

ರಸ್ತೆಯ ಪಕ್ಕ ಕೂತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು ಎದ್ದು ಬಂದು ಕಿಟಕಿಯ ಗಾಜು ಬಡಿದಳು. ಊರಿಗೆಲ್ಲ ದೊಡ್ಡಮ್ಮನೆನಿಸಿಕೊಂಡವಳು.

“ಹತ್ತಿಸಪ್ಪಾ! ನಿಂತ್ಕೊಂಡ್ರೆ ರಾಗಿ ಉದುರ್ತದಾ?”

ನಾನು ಇಳಿದೆ. “ದೊಡ್ಡಮ್ಮ, ಇವತ್ತು ಹಾಕಬೇಡಿ ಅಂತ ತಾನೆ ನಾನು ಅಷ್ಟು ಹೊತ್ತು ಹೇಳಿದ್ದು?”

“ಅಯ್ಯೋ, ಲಾರಿ ಬರಲ್ಲ, ಧೂಳಿರಲ್ಲ, ಗಾಡಿ ನಮ್ದೇ ಅಂತ ಹೇಳ್ದೋಳು ನೀನೇ ಕಣಮ್ಮ. ನಿನ್ ಮಾತು ಕೇಳಿ ಮೆದೇಲಿದ್ದ ತೆನೆಯೆಲ್ಲಾ ತಂದು ಹಾಕಿದೀವಿ.”

“ಅದು ರಾಗಿ ತುಳಿಯೋ ಗಾಡಿಯಲ್ಲ.”

“ಚಕ್ರ ಐತಲ್ಲ?”

ನಾನು ಖಂಡನೆಗೆ ಅಣಿಯಾದೆ. ಒಳಗಿನಿಂದ ಎಂಜಿನಿಯರು ಕೂಗಿದ: “ಮೇಡಂ, ಅದು ಇದನ್ನ ಗೋಡೆ ಅನ್ಕೊಂಡಿದೆ. ನಾನು ಸ್ಟಿಯರಿಂಗ್ ಹಿಡಿದ್ರೆ ದಾಟ್ಬಹುದು, ಆದ್ರೆ ಪ್ರದರ್ಶನ ಫೇಲ್.”

“ಹಿಡೀಬೇಡಿ,” ಎಂದಳು ಹಿಂದಿನ ಸೀಟಿನವಳು. ಅವಳ ದನಿ ನಡುಗಿದ್ದನ್ನು ದೊಡ್ಡಮ್ಮನೂ ಕೇಳಿದಳು.

“ಇವಳ್ಯಾಕೆ ಅಳ್ತಾಳೆ?”

“ಈ ಗಾಡಿ ಇವತ್ತು ಕ್ರಾಸ್ ಮುಟ್ಟದಿದ್ದರೆ ಇವಳಿಗೆ ಕಾಲೇಜಿಲ್ಲ ದೊಡ್ಡಮ್ಮ.”

“ಅದನ್ನ ಅವತ್ತು ಡೈರಿ ಹತ್ರ ಯಾಕೆ ಹೇಳ್ಲಿಲ್ಲ? ಸಾರ್ವಜನಿಕ ಸಾರ್ವಜನಿಕ ಅಂತ ಒಂದ್ ಗಂಟೆ ಕುಯ್ದೆ.”

ಹೆಂಗಸರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಜೋರಾಗಿ ಮಾತನಾಡಿಕೊಂಡರು. “ಏಂ ಚೇಸ್ತಾಮಮ್ಮಾ ಇಪ್ಪುಡು,” ಈಗೇನು ಮಾಡೋಣವೆಂದು ಒಬ್ಬಳು ಸೊಂಟದ ಮೇಲೆ ಕೈಯಿಟ್ಟಳು. ಇಡೀ ರಾಗಿಯನ್ನು ಎತ್ತಲು ಅವರು ಒಪ್ಪಲಿಲ್ಲ; ಒಣಗಿದ ತೆನೆ, ಎತ್ತಿದಷ್ಟೂ ಕಾಳು ಸೋರುತ್ತದೆ. ಕೊನೆಗೆ ರಾಜಿಯಾಯಿತು. ಅರ್ಧ ರಸ್ತೆ ನಮಗೆ, ಅರ್ಧ ರಾಗಿಗೆ. ಅತಿಥಿಗಳು ಹೋದ ಮೇಲೆ ಎಂಜಿನಿಯರು ಕೈಯಾರೆ ವ್ಯಾನು ಓಡಿಸಿ ಅಷ್ಟೂ ರಾಗಿ ತುಳಿಸಿಕೊಡಬೇಕು.

“ಮೇಡಂ, ಕೆಳಗೆಲ್ಲ ಸೆನ್ಸರ್ ಇದೆ...”

“ಅದೇನಿದ್ರೂ ಬಿಚ್ಚಿಟ್ಟು ಓಡ್ಸಪ್ಪ,” ಎಂದಳು ದೊಡ್ಡಮ್ಮ.

ಹೆಂಗಸರು ತೆನೆ ಸಮೇತ ರಾಗಿಹುಲ್ಲನ್ನು ಒಂದು ಬದಿಗೆ ಸರಿಸಿ, ಕಾಳು ಚೆಲ್ಲದಂತೆ ಅಂಚನ್ನು ಕೋಲಿನಿಂದ ತಟ್ಟಿ ನೇರ ಮಾಡಿದರು. ಕಪ್ಪು ಟಾರಿನ ಮೇಲೆ ಹೊಂಬಣ್ಣದ ಅಂಚು ಕ್ರಾಸಿನವರೆಗೂ ಸಾಗಿತು. ವ್ಯಾನು ಕೂಗು ನಿಲ್ಲಿಸಿತು. ಮೊದಲ ಬಾರಿಗೆ ಅದಕ್ಕೆ ಬೇಕಾದ ಗೆರೆ ಸಿಕ್ಕಿತ್ತು. ಅಲುಗದೆ, ವಾಲದೆ, ಸೀದಾ ಶಾಮಿಯಾನದ ಎದುರು ಹೋಗಿ ನಿಂತಿತು. ಸ್ಟಿಯರಿಂಗ್ ಮುಟ್ಟಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಎಂಜಿನಿಯರು ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡೇ ಕೆಳಗಿಳಿದ. ಅತಿಥಿಗಳಲ್ಲೊಬ್ಬರು ಈ ವಾಹನ ನಮ್ಮ ಕೃಷಿ ಸಂಸ್ಕೃತಿಯನ್ನು ಅರ್ಥ ಮಾಡಿಕೊಂಡಿದೆ ಎಂದು ಭಾಷಣ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಸತ್ಯಕ್ಕೆ ನಿಷ್ಠಳಾದವಳು ಎದ್ದು ತಿದ್ದಬೇಕಿತ್ತು; ಪಕ್ಕದಲ್ಲಿ ಹುಡುಗಿ ನನ್ನ ಮೊಣಕೈಯನ್ನು ಬಲವಾಗಿ ಹಿಡಿದುಕೊಂಡಿದ್ದಳು.

ಮಧ್ಯಾಹ್ನವೆಲ್ಲ ಎಂಜಿನಿಯರು ರಾಗಿ ತುಳಿಸಿದ. ಊಟಕ್ಕೆ ಕರೆದರೂ ಇಳಿಯಲಿಲ್ಲ. “ಇನ್ನೊಂದ್ ರೌಂಡ್ ಮೇಡಂ” ಎನ್ನುತ್ತಿದ್ದ.

ಜೂನ್‌ನಲ್ಲಿ ವ್ಯಾನು ಬಂತು, ಮಾತು ತಪ್ಪದೆ. ಆದರೆ ಹುಲ್ಲಿನ ಅಂಚಿಲ್ಲದ ರಸ್ತೆಯಲ್ಲಿ ಅದು ಮತ್ತೆ ವಾಲತೊಡಗಿದ್ದರಿಂದ, ಸುರಕ್ಷತೆಯ ದೃಷ್ಟಿಯಿಂದ ಮುಂದಿನ ಸೀಟಿನಲ್ಲಿ ಒಬ್ಬ ‘ಮಾನವ ಮೇಲ್ವಿಚಾರಕ’ನನ್ನು ನೇಮಿಸಿದರು. ಚಿಂತಾಮಣಿಯಲ್ಲಿ ತರಕಾರಿ ಟೆಂಪೋ ಓಡಿಸುತ್ತಿದ್ದ ಮನುಷ್ಯ. ಅವನು ಮೊದಲ ದಿನದಿಂದಲೇ ಸ್ಟಿಯರಿಂಗನ್ನು ಹಿಡಿದು ಮೇಲ್ವಿಚಾರಣೆ ಆರಂಭಿಸಿದ. ಯಾರಾದರೂ ಕೈ ತೋರಿಸಿದರೆ ನಿಲ್ಲಿಸುತ್ತಾನೆ ಕೂಡ. ನಾನು ಕೇಳಿಕೊಂಡು ತಿರುಗಿದ್ದು ಒಂದು ವಾಹನ, ಒಬ್ಬ ಚಾಲಕ. ವಿಜ್ಞಾನ ಮಧ್ಯಪ್ರವೇಶಿಸಿದ ಮೇಲೆ ಎರಡೂ ದೊರೆತವು. ಹುಡುಗಿ ಕಾಲೇಜಿಗೆ ಸೇರಿದಳು.

ಮುಂದಿನ ಜನವರಿಯ ಒಂದು ಸಂಜೆ ನಾನೂ ಅದೇ ವ್ಯಾನಿನಲ್ಲಿ ಶಿಡ್ಲಘಟ್ಟದಿಂದ ಬರುತ್ತಿದ್ದೆ. ಕ್ರಾಸಿನಾಚೆ ರಸ್ತೆಯ ತುಂಬ ರಾಗಿ. ವ್ಯಾನು ಪೀಂ ಪೀಂ ಎಂದು ಅರಚತೊಡಗಿತು. ಮೇಲ್ವಿಚಾರಕ ವೇಗವನ್ನೂ ಇಳಿಸದೆ ಹತ್ತಿಸಿದ. ನನ್ನ ಬಾಯಿ ತೆರೆಯಿತು. ತಮ್ಮನ ಮಗಳು ಪುಸ್ತಕದಿಂದ ತಲೆಯೆತ್ತಿದಳು.

“ಅತ್ತೆ, ಇಳಿದು ಭಾಷಣ ಮಾಡ್ತೀಯಾ? ನಂಗೆ ನಾಳೆ ಟೆಸ್ಟ್ ಐತೆ. ಸುಮ್ನೆ ಮನೆಗೆ ಹೋಗಣ.”

ನಾನು ಇಳಿಯಲಿಲ್ಲ. ರಸ್ತೆಯಲ್ಲಿ ಒಕ್ಕಣೆ ಕೂಡದೆಂಬ ನನ್ನ ನಿಲುವು ಬದಲಾಗಿಲ್ಲ. ರಾಗಿ ಮುಗಿಯುವವರೆಗೂ ವ್ಯಾನು ಕೂಗುತ್ತಲೇ ಇತ್ತು. ಆ ರಸ್ತೆಯಲ್ಲಿ ಇಂದಿಗೂ ನನ್ನ ಪಕ್ಷದಲ್ಲಿರುವುದು ಅದೊಂದೇ.